ಸೇತುವೆಯ ಆಚೆಗಿನ ಮಂಡಿ

ಮಾರ್ಚ್ ೧೨, ಬುಧವಾರ

ಅಮ್ಮನ ಮಂಡಿ ಆಪರೇಷನ್ನಿಗೆ ನಾಳೆ ಒಪ್ಪಿಗೆ ಹೇಳಬೇಕು. ನದಿಯ ಈ ದಡದ ಆಸ್ಪತ್ರೆಗಳಲ್ಲಿ ಅದು ಆಚೆ ದಡಕ್ಕಿಂತ ಎರಡು ಪಟ್ಟು ಹೆಚ್ಚು ನಡೆಯುತ್ತದೆ. ವಯಸ್ಸು, ತೂಕ, ನೋವು ಎಲ್ಲವನ್ನೂ ಸರಿದೂಗಿಸಿ ನೋಡಿದರೂ ವ್ಯತ್ಯಾಸ ಉಳಿಯಿತು. ಉಳಿದದ್ದು ಬೇಗ ಆಪರೇಷನ್ ಹೇಳುವ ಇಲ್ಲಿನ ವೈದ್ಯರ ರೂಢಿಯಿರಬಹುದು ಎಂದು ನಮ್ಮ ಕಚೇರಿಯ ಆಸ್ಪತ್ರೆ ವರದಿಯಲ್ಲಿ ಬರೆದವಳು ನಾನೇ. ಊಟದ ಹೊತ್ತಿಗೆ ಅಮ್ಮನಿಗೂ ಹೇಳಿದೆ.

"ಹಾಗಾದ್ರೆ ಸೇತುವೆ ದಾಟಿದ್ರೆ ನನ್ನ ನೋವು ಹೋಗತ್ತೇನೇ?"

"ಲೆಕ್ಕ ಇಡೀ ಊರಿಂದು ಕಣಮ್ಮ, ನಿನ್ನ ಮಂಡೀದಲ್ಲ."

"ಮಂಡಿ ನಂದು. ನನ್ನನ್ನ ಯಾರಾದ್ರೂ ಕೇಳಿದ್ರಾ?"

ವೈದ್ಯರೂ ಕೇಳಿರಲಿಲ್ಲ, ನಾನೂ. ಆಗ ಕೇಳಿದೆ.

"ಮೆಟ್ಟಿಲು ಹತ್ತೋಕಾಗ್ತಿದೆ. ಇನ್ನೊಂದು ವರ್ಷ ನೋಡೋಣ" ಎಂದಳು.

ನಾಳೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎನ್ನುತ್ತೇನೆ. ಮನಸ್ಸು ಹಗುರಾಗಿದೆ. ಆದರೂ ಲೆಕ್ಕವನ್ನು ಆಮೇಲೆ ಹೇಳಿ, ಮೊದಲು ಕೇಳಿದ್ದರೆ ಅಮ್ಮ ಇದನ್ನೇ ಹೇಳುತ್ತಿದ್ದಳೇ ಎಂಬುದು ನನಗೆ ಗೊತ್ತಿಲ್ಲ.