ಗಂಟೆಯ ಹಗ್ಗ

ಹೋಮ್ಸ್, ಹಳೆಯ ಪೇಟೆ

ಪೂಜ್ಯ ಪಾದ್ರಿ ಅಬೂನಾ ಬುಟ್ರೋಸ್ ಅವರಿಗೆ ವದಾದ್ ಮಾಡುವ ನಮಸ್ಕಾರಗಳು.

ದುರಸ್ತಿಯಾದ ನಮ್ಮ ಆರ್ಥೊಡಾಕ್ಸ್ ಇಗರ್ಜಿಯ ಗಂಟೆಯನ್ನು ಭಾನುವಾರ ನಾನೇ ಬಾರಿಸಬೇಕೆಂದು ನೀವು ಹೇಳಿದಾಗ ಓಡಿಹೋದೆ. ಕಾರಣವನ್ನು ಎದುರಿಗೆ ಹೇಳಲಾಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಯುದ್ಧದ ಕಾಲದಲ್ಲಿ, ಇಗರ್ಜಿಯ ಗಂಟೆ ಬಾರಿಸುವ ಕೆಲಸದಲ್ಲಿದ್ದ ಅಪ್ಪನನ್ನು ಎದುರು ಮಾಳಿಗೆಯಿಂದ ಯಾರೋ ಗುಂಡಿಟ್ಟು ಕೊಂದ ದಿನ ಸಾವಿನ ಗಂಟೆ ಬಾರಿಸಿದವಳು ನಾನು. ಅದನ್ನು ಕೇಳಿ ನೆಲಮಾಳಿಗೆಗಳಲ್ಲಿ ಅವಿತಿದ್ದವರೆಲ್ಲ ಇಗರ್ಜಿಯ ಅಂಗಳಕ್ಕೆ ಬಂದರು. ಶೆಲ್ ಅವರ ನಡುವೆಯೇ ಬಿತ್ತು. ಹನ್ನೊಂದು ಜನ ಸತ್ತರು. ಉಮ್ ಫಾದಿಯವರ ಹಿರಿಮಗ ಫಾದಿಯನ್ನೂ ಅವನ ತಮ್ಮನನ್ನೂ ಅಂಗಿ ನೋಡಿ ಗುರುತಿಸಿದೆವು. ಈಗ ಗೋಡೆಗೆ ಗಾರೆ ಮೆತ್ತುವಾಗಲೂ ಕಲ್ಲಿನ ಸಂದಿಯಲ್ಲಿ ಮೂಳೆಯ ಚೂರು ಸಿಗುತ್ತದೆ.

ನೀವು ಹುಡುಕುತ್ತಿರುವ ಗಂಟೆಯ ಹೊಸ ಹಗ್ಗ ಕಳುವಾಗಿಲ್ಲ. ನನ್ನ ಹಾಸಿಗೆಯ ಕೆಳಗಿದೆ, ಕ್ಷಮಿಸಿ.

ನಿನ್ನೆ ಉಮ್ ಫಾದಿ ಅದನ್ನು ಕಂಡರು. "ಹಗ್ಗ ಬಚ್ಚಿಟ್ರೆ ಸತ್ತೋರು ಎದ್ದು ಬರ್ತಾರೇನೇ, ಕತ್ತೆ?" ಎಂದು ಬೈದರು.

"ನಿಮ್ಮ ಮಕ್ಕಳನ್ನ ಕರೆದು ಕೊಂದೋಳು ನಾನು, ಖಾಲಾ," ಎಂದೆ.

ಅವರು ಹಗ್ಗವನ್ನು ಎಳೆದು ಸುರುಳಿ ಸುತ್ತಿದರು. ಆಮೇಲೆ, "ಕರೆದೋಳು ನೀನು, ಕೊಂದೋನು ಬೇರೆ. ನಿಮ್ಮಪ್ಪನ ಸಾವಿಗೆ ನನ್ನ ಮಕ್ಕಳು ಬರದೆ ಇದ್ದಿದ್ರೆ ನಾನೇ ಅವರ ಕಾಲು ಮುರೀತಿದ್ದೆ," ಎಂದರು.

ಭಾನುವಾರ ಅವರೂ ಹಗ್ಗ ಹಿಡಿಯುತ್ತಾರಂತೆ. ಅವರ ಭುಜದಲ್ಲಿ ಇನ್ನೂ ಶೆಲ್ಲಿನ ಚೂರಿದೆ, ಕೈ ಮೇಲೇಳುವುದಿಲ್ಲ. ದಯವಿಟ್ಟು ಹಗ್ಗವನ್ನು ಕಟ್ಟಿಸುವಾಗ ಒಂದು ಮೊಳ ಹೆಚ್ಚು ಇಳಿಬಿಡಿಸಿ, ಕೆಳತುದಿ ಅವರ ಕೈಗೆ ಸಿಗಲಿ. ಮೇಲಿನ ಭಾಗವನ್ನು ನಾನು ಹಿಡಿಯುತ್ತೇನೆ.

ಇಂತಿ,
ಗಂಟೆಯ ಇಲ್ಯಾಸರ ಮಗಳು
ವದಾದ್