ಬೋರ್ಡು ಇಳಿಸುವುದಿಲ್ಲ

ಭಾನುವಾರ, ಮಧ್ಯಾಹ್ನ

ನನ್ನ ಯಜಮಾನರಿಗೆ,

ನಮಸ್ಕಾರ. ಇದುವರೆಗೆ ನಿಮಗೆ ಬರೆದಾಗಲೆಲ್ಲ ‘ಗುರುಗಳಿಗೆ’ ಎಂದೇ ಶುರು ಮಾಡುತ್ತಿದ್ದೆ. ಈ ಸಲ ಆ ಪದ ಬಿಟ್ಟದ್ದು ಮರೆವಿನಿಂದಲ್ಲ.

ನಿಮ್ಮ ಕಾಗದ ತಲುಪಿತು. ನನ್ನ ತರಗತಿಯ ಬೋರ್ಡಿನಿಂದ ‘ಯೋಗ’ ಎಂಬ ಪದ ಅಳಿಸಬೇಕು, ಇಲ್ಲವೇ ಬಾಗಿಲು ಮುಚ್ಚಿ ಮನೆಗೆ ಬರಬೇಕು ಎಂದಿದ್ದೀರಿ. ಎರಡೂ ಆಗುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೊನೆಯವರೆಗೆ ಓದಿ. ಮದುವೆಯಾದಾಗಿನಿಂದ ನಿಮ್ಮ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದವಳು ನಾನು. ಇದೊಂದು ಸಲ ನನ್ನ ಸರದಿ.

ನಿಮ್ಮ ಪದ್ಧತಿಯನ್ನು ಹಳಿಯಲು ಕೂತಿಲ್ಲ. ಉಸಿರಿನ ಬೆನ್ನು ಹಿಡಿದು ಆಸನದಿಂದ ಆಸನಕ್ಕೆ ಹರಿಯುವ ಆ ವೇಗ, ಬೆವರಿಳಿದ ಮೇಲೆ ಮೈಗೆ ಬರುವ ಹಗುರ, ಎರಡನ್ನೂ ಉಂಡಿದ್ದೇನೆ. ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದವಳಿಗೆ ದಮ್ಮು ಕೊಟ್ಟದ್ದು ಅದೇ. ನಿಮ್ಮಲ್ಲಿ ಕಲಿಯಲು ಬಂದವಳಿಗೆ ನಿಮ್ಮ ಮೇಲೆ ಮನಸ್ಸಾದದ್ದೂ ಆ ಯೋಗಶಾಲೆಯ ಕೋಣೆಯಲ್ಲೇ. ಆದರೆ ತಾಳಿ ಕಟ್ಟಿಸಿಕೊಂಡ ಮೇಲೆ ನಾನು ಶಿಷ್ಯೆಯಾಗಿಯೂ ಉಳಿಯಲಿಲ್ಲ, ಹೆಂಡತಿಯೂ ಆಗಲಿಲ್ಲ. ನಿಮ್ಮ ಶಾಲೆಯ ಕಿಟಕಿಯಲ್ಲಿ ನಿಲ್ಲಿಸಿದ ಗೊಂಬೆಯಾದೆ. ಹೊಸಬರು ಬಂದರೆ ಬಾಗಿಸಿ ತೋರಿಸಲು ಒಂದು ಬೆನ್ನು.

ಆ ಬೆಳಿಗ್ಗೆ ನಿಮಗೆ ಮರೆತಿರಲಾರದು. ಪಶ್ಚಿಮೋತ್ತಾನಾಸನದಲ್ಲಿ ಕಾಲು ಚಾಚಿ ಮುಂದಕ್ಕೆ ಬಾಗಿದ್ದೆ. ತೊಡೆಯ ಹಿಂದೆ ನೋವಿದೆ ಎಂದು ಹಿಂದಿನ ದಿನವೇ ಹೇಳಿದ್ದೆ. ನೀವು ಬಂದು ನಿಮ್ಮ ಭಾರವನ್ನೆಲ್ಲ ಬೆನ್ನಿನ ಮೇಲೆ ಹಾಕಿದಿರಿ. “ಸಾಕು ರೀ” ಎಂದೆ. ನೀವು ತರಗತಿಯ ಕಡೆ ತಿರುಗಿ, “ನೋಡಿ, ಸಾಕು ಅನ್ನೋದು ಮನಸ್ಸು. ದೇಹ ಯಾವತ್ತೂ ಸಾಕು ಅನ್ನಲ್ಲ” ಎಂದು ಇನ್ನಷ್ಟು ಒತ್ತಿದಿರಿ. ಒಳಗೆ ಏನೋ ಹರಿದದ್ದು ನನಗೆ ಕೇಳಿಸಿತು. ಹಣೆ ಮೊಣಕಾಲಿಗೆ ತಾಗಿತ್ತಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು.

ಕುಂಟುತ್ತ ಅಕ್ಕನ ಮನೆ ಸೇರಿದೆ. ನೀವು ಫೋನ್ ಮಾಡಿ, “ಯಾವಾಗ ಬರ್ತೀಯ? ತರಗತಿ ಮುಂದೆ ಯಾರನ್ನ ನಿಲ್ಲಿಸಲಿ?” ಎಂದಿರಿ. ಕಾಲು ಹೇಗಿದೆ ಎಂದು ಕೇಳಲಿಲ್ಲ. ನಾನು ತಿರುಗಿ ಬಾರದೇ ಇದ್ದದ್ದು ಕಾಲಿನ ದೆಸೆಯಿಂದಲ್ಲ, ಆ ಫೋನಿನಿಂದ.

ಅಕ್ಕ ನನ್ನನ್ನು ಒಬ್ಬ ಯೋಗ ಶಿಕ್ಷಕಿಯ ಬಳಿ ಕರೆದೊಯ್ದಳು. ದಪ್ಪ ಮೈಯವರು. ಕೋಣೆ ತುಂಬ ದಿಂಬು, ಕಂಬಳಿ, ಕೈಕಾಲಿಗೆ ಆಸರೆಯಾಗಿ ಕಟ್ಟುವ ಬಟ್ಟೆ ಪಟ್ಟಿ, ಮರದ ಇಟ್ಟಿಗೆ. ಹಾಗಾಗಿ ಎಲ್ಲರೂ ಅವರನ್ನು ದಿಂಬಮ್ಮ ಎನ್ನುತ್ತಾರೆ, ಅವರಿಗೂ ಬೇಸರವಿಲ್ಲ. ನಾನು ಹಲ್ಲು ಕಚ್ಚಿ ನೆಲ ಮುಟ್ಟಲು ಹೊರಟಾಗ ಅಂಗೈ ಕೆಳಗೆ ಒಂದು ಇಟ್ಟಿಗೆ ತಳ್ಳಿ, “ನೆಲ ದೂರ ಇದ್ರೆ ನೆಲಾನೇ ಹತ್ತಿರ ತರೋಣ ಕಣಮ್ಮ, ಅದಕ್ಕೇನು ಅವಸರ?” ಎಂದರು. ಅವರಲ್ಲಿ ದಿಂಬಿಗೆ ಒರಗಿ ಸುಮ್ಮನೆ ಉಸಿರು ನೋಡುವುದೂ ಒಂದು ಪಾಠ. ಮೊದಲ ದಿನ ಗೊರಕೆ ಹೊಡೆದೆನಂತೆ. ನಿಮ್ಮ ಮನೆಯಲ್ಲಿ ಅಲಾರಂ ಹೆದರಿಕೆಗೆ ಅರೆನಿದ್ದೆ ಮಾಡುತ್ತಿದ್ದವಳು ಅಂಥ ನಿದ್ದೆ ಎಂದೂ ಕಂಡಿರಲಿಲ್ಲ. ಪಟ್ಟಿ ಕಟ್ಟಿ ನಿಧಾನವಾಗಿ ನಿಲ್ಲುವುದು ಕಲಿತೆ. ಕಾಲು ಕೂಡಿಕೊಂಡಿತು.

ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡ್ರೈವರುಗಳ ಸೊಂಟ, ಕತ್ತಿನ ಗೋಳು ಕೇಳಿ ಕೇಳಿ ಸಾಕಾಗಿ, ಆ ಡ್ರೈವರುಗಳು ವಿಶ್ರಾಂತಿ ಪಡೆಯುವ ಕೋಣೆಯನ್ನು ನಾನು ಅವರಿಗೆ ಕಲಿಸಲೆಂದು ಕೇಳಿ ಕೊಡಿಸಿದರು. ಗ್ರೀಸ್ ವಾಸನೆ, ಕಾಲು ಅಲ್ಲಾಡುವ ಪ್ಲಾಸ್ಟಿಕ್ ಕುರ್ಚಿಗಳು. ಇಡೀ ದಿನ ಕೂತವರನ್ನು ನೆಲಕ್ಕೆ ಇಳಿಸಿದರೆ ಮೇಲೇಳಿಸುವವರು ಯಾರು? ಅದಕ್ಕೇ ಕುರ್ಚಿಯ ಮೇಲೆಯೇ ಶುರು ಮಾಡಿದೆ. ಅಲ್ಲಿಗೇ ನೀವು ಹೋದ ವಾರ ಹೇಳದೆ ಕೇಳದೆ ನುಗ್ಗಿದಿರಿ. ಅಷ್ಟು ಜನರೆದುರು, “ಕುರ್ಚಿ ಮೇಲೆ ಕೂತು ಕೈ ಆಡ್ಸೋದು ಯೋಗಾನಾ?” ಎಂದು ಕೇಳಿದಿರಿ. ನಾನು ಉತ್ತರಿಸುವ ಮೊದಲೇ ಮುಂದಿನ ಸಾಲಿನ ಡ್ರೈವರಮ್ಮ ಹೇಳಿದಳು: “ಸಾರ್, ಕತ್ತು ತಿರುಗ್ದೆ ಬರೀ ಕನ್ನಡಿ ನಂಬಿ ಗಾಡಿ ಓಡಿಸ್ತಿದ್ದೆ. ಈಗ ಹಿಂದೆ ಯಾರು ಬೈತಿದಾರೆ ಅಂತ ತಿರುಗಿ ನೋಡ್ತೀನಿ. ಈಗ ನಿಮ್ಮನ್ನ ತಿರುಗಿ ನೋಡಿದ್ನಲ್ಲ, ಹಾಗೆ.” ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ನೀವು ಬರೆದಂತೆ ಅದು ಗಂಡನಿಗೆ ಮಾಡಿದ ಅವಮಾನವಾದರೆ ಆಗಲಿ.

ಹೆಚ್ಚು ಬಾಗಿದವನೇ ದೊಡ್ಡ ಯೋಗಿಯಾದರೆ ರಬ್ಬರ್ ಬ್ಯಾಂಡಿಗೆ ನಾವೆಲ್ಲ ಕೈ ಮುಗಿಯಬೇಕು. ಎಳೆ ಪ್ರಾಯದವರಿಗೆ ನಿಮ್ಮ ವೇಗ ಬೇಕು, ಕೀಲು ನೊಂದವರಿಗೆ ದಿಂಬಮ್ಮನ ಪಟ್ಟಿ ಬೇಕು, ದಣಿದವರಿಗೆ ಶವಾಸನ ಒಂದೇ ಸಾಕು. ಎಲ್ಲವೂ ಯೋಗವೇ. ಆ ಹೆಸರು ನಿಮ್ಮ ಸ್ವಂತ ಆಸ್ತಿಯಲ್ಲ. ಬೋರ್ಡು ಇಳಿಸುವುದಿಲ್ಲ. ಅಕ್ಷರ ಮಾಸಿದೆ ಎಂದು ಡ್ರೈವರಮ್ಮ ಹೇಳಿದಳು. ನಾಳೆ ಕೆಂಪು ಬಣ್ಣದಲ್ಲಿ ಇನ್ನೂ ದೊಡ್ಡದಾಗಿ ಬರೆಸುತ್ತಿದ್ದೇನೆ. ಮನೆಗೂ ಬರುವುದಿಲ್ಲ. ನಿಮಗೆ ಬೇಕಾಗಿರುವುದು ಬಾಗುವವಳು.

ಇನ್ನೂ ನಿಮ್ಮ ಹೆಂಡತಿ,
ಇನ್ನು ಶಿಷ್ಯೆಯಲ್ಲ

ತಾ.ಕ.: ಡಿಪೋಗೆ ನುಗ್ಗಿದ ದಿನ ನೀವು ಬಾಗಿಲು ತಳ್ಳಿದ್ದು ಎಡಗೈಯಿಂದ. ಹೊರಡುವಾಗ ಜಾರಿದ ಚೀಲವನ್ನು ಹೆಗಲಿಗೆ ಏರಿಸಲಾಗದೆ ಕಂಕುಳಲ್ಲಿ ಒತ್ತಿಕೊಂಡಿರಿ. ನಿಮ್ಮ ಬಲಭುಜ ಮೇಲೇಳುತ್ತಿಲ್ಲ, ಯಾರಿಗೂ ಹೇಳಿಲ್ಲ, ಅಲ್ಲವೇ? ಗುರುವಿಗೆ ನೋವು ಎಂದರೆ ಶಾಲೆ ನಡೆಯುವುದು ಹೇಗೆ ಎಂಬ ಭಯ. ಶನಿವಾರ ತರಗತಿಗೆ ಬರುವವರು ಕಡಿಮೆ. ಬರುವ ಮನಸ್ಸಿದ್ದರೆ ಕಲಿಯುವವರಾಗಿ ಬನ್ನಿ, ಹಿಂದಿನ ಸಾಲಿನಲ್ಲಿ ಕೂರಿ. ತೋಳು ಎಲ್ಲಿಯವರೆಗೆ ಏಳಬೇಕೆಂದು ನಾನು ಹೇಳುವುದಿಲ್ಲ. ನೀವು ಸಾಕು ಎಂದ ಕಡೆ ನನ್ನ ಕೈ ನಿಲ್ಲುತ್ತದೆ.