ನನ್ನ ಮಗಳ ಮುಖದ ಕೆಳಗಿನ ಮೂರು ಬಟನ್‌ಗಳು

ವಾಣಿಜ್ಯ ಮೆಸೇಜುಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯಲ್ಲಿ ನೋಂದಣಿ ಮಾಡಿಸಿದ ಚಾದರ ಕಂಪನಿಯೊಂದು ನನ್ನ ಮಗಳ ಮುಖವನ್ನು ಅವಳನ್ನು ಕೇಳದೆ ನಮ್ಮ ತಾಲ್ಲೂಕಿನ ಫೋನುಗಳಿಗೆಲ್ಲ ಹಂಚಿದೆ. ಮುಖದ ಕೆಳಗೆ ಒತ್ತಲು ಮೂರು ಬಟನ್ ಇಟ್ಟಿದೆ: ‘ಬೇಕು’, ‘ಇನ್ನಷ್ಟು ತೋರಿಸಿ’, ‘ಬೇಡ’. ಇದು ನನ್ನ ದೂರು. ಇದನ್ನು ನಿಮ್ಮ ಸಹಾಯವಾಣಿಗೆ ಹೇಳಿದೆ, ನಿಮ್ಮ ಜಾಲತಾಣದಲ್ಲಿ ದಾಖಲಿಸಿದೆ. ದೂರು ಪರಿಹಾರವಾಗಿದೆ ಎಂಬ ಉತ್ತರವನ್ನೂ ಪಡೆದೆ. ಪರಿಹಾರವಾದ ದೂರನ್ನು ಪತ್ರಿಕೆಯಲ್ಲಿ ಹತ್ತು ಜನರ ಮುಂದೆ ಮತ್ತೆ ಹೇಳಿಕೊಳ್ಳುವ ಮೊಂಡುತನವನ್ನು ಮನ್ನಿಸಬೇಕು.

ನಾನು ಅಕ್ಕಲಕೋಟ ತಾಲ್ಲೂಕಿನ ಕರಜಗಿಯವನು. ಹೊಲವಿದೆ, ಬಾವಿಯಲ್ಲಿ ನೀರಿದೆ, ಯಾರ ಮುಂದೆಯೂ ಕೈಚಾಚುವ ಪ್ರಸಂಗ ಬಂದಿಲ್ಲ. ಕನ್ನಡ ಶಾಲೆಯಲ್ಲಿ ಓದಿದವನಾದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಡಿಯ ಈಚೆ, ಮರಾಠಿ ನಾಡಿನಲ್ಲಿರುವ ನಮ್ಮ ಕಡೆ ಬಸ್ಸಿನ ಬೋರ್ಡಾಗಲಿ ದವಾಖಾನೆಯ ಚೀಟಿಯಾಗಲಿ ಕನ್ನಡದಲ್ಲಿ ಬರುವುದಿಲ್ಲ, ಅದಕ್ಕೆ ಒಗ್ಗಿಕೊಂಡಿದ್ದೇವೆ. ಆದರೆ ಚಾದರ ಮಾರುವವರಿಗೆ ಮಾತ್ರ ನಾವು ಮನೆಯಲ್ಲಿ ಯಾವ ಭಾಷೆ ಆಡುತ್ತೇವೆಂಬುದು ಪಕ್ಕಾ ಗೊತ್ತು! ಮೊದಲು ಕಂಪನಿಯ ಮೆಸೇಜೆಂದರೆ ಬರೀ ಅಕ್ಷರ, ಓದದೆ ಅಳಿಸಿದರೆ ಮುಗಿಯಿತು. ಈಗ ಫೋನಿನ ತುಂಬ ಬಣ್ಣದ ಚಿತ್ರ, ಬೆರಳಿನಿಂದ ಸರಿಸಿದರೆ ಮತ್ತೊಂದು ಚಿತ್ರ, ನೆತ್ತಿಯ ಮೇಲೆ ನಮ್ಮ ನಮ್ಮ ಹೆಸರು, ಕಂಪನಿಯ ಹೆಸರಿನ ಪಕ್ಕ ‘ಇವರನ್ನು ನಂಬಬಹುದು’ ಎಂಬ ಗುರುತು. ಆ ಗುರುತು ಸಿಗುವ ಮೊದಲು ಕಂಪನಿ ನಿಜವಾದದ್ದೇ ಎಂದು ತಾವು ಬಹಳ ಕಟ್ಟುನಿಟ್ಟಾಗಿ ಪರಿಶೀಲಿಸುತ್ತೀರಂತೆ. ಚಿತ್ರದಲ್ಲಿರುವ ಹುಡುಗಿ ನಿಜವಾದವಳೇ, ಅವಳಿಗೆ ಇದು ಒಪ್ಪಿಗೆಯೇ ಎಂದು ಕೇಳುವುದು ಯಾರ ಕೆಲಸ?

ನನ್ನ ಮಗಳ ಹೆಸರು ಶುಭಾಂಗಿ. ಬಿ.ಕಾಂ. ಮುಗಿಸಿ, ಸೊಲ್ಲಾಪುರದ ನನ್ನ ತಂಗಿಯ ಮನೆಯಲ್ಲಿದ್ದುಕೊಂಡು, ಅಲ್ಲೇ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ಕಂಪನಿಯ ಗೋದಾಮಿನಲ್ಲಿ ಮಾಲು ಕಳಿಸುವ ವಿಭಾಗಕ್ಕೆ ಸೇರಿದ್ದಳು. ಒಂದು ದಿನ ಹೊಸ ಚಾದರಗಳ ಫೋಟೋ ತೆಗೆಯಲು ಜನ ಬಂದರು. ಬರಬೇಕಿದ್ದ ರೂಪದರ್ಶಿ ಬರಲಿಲ್ಲ. ಪ್ರಚಾರ ವಿಭಾಗದ ಪೂನಮ ಮೇಡಂ ಇವಳನ್ನು ಕರೆದು, ಒಂದೆರಡು ಫೋಟೋ ಕಂಪನಿಯ ಗೋಡೆಗೆ ಹಾಕಲಿಕ್ಕೆ ಬೇಕು, ಸ್ವಲ್ಪ ನಿಲ್ಲು ಎಂದರು. ಹೆಗಲಿಗೆ ಚಾದರ ಹೊದ್ದು ನಿಂತಳು. ಗೆಳತಿಯೊಬ್ಬಳು ಹಿಂದಿನಿಂದ ಏನೋ ಚೇಷ್ಟೆ ಮಾಡಿದಾಗ ಬಾಯ್ತುಂಬ ನಕ್ಕಳು. ಆ ನಗು ನಮ್ಮ ಮನೆಯದು, ಸಣ್ಣವಳಿದ್ದಾಗಿನಿಂದ ನಾವು ಕಂಡದ್ದು. ಅದೇ ಹೊತ್ತಿಗೆ ಕ್ಯಾಮೆರಾ ಒತ್ತಿದರು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ನಾನು ಅಕ್ಕಲಕೋಟಕ್ಕೆ ಹೋಗಲು ಊರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅಲ್ಲಿದ್ದವರ ಕಿಸೆಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಒಬ್ಬ ಹುಡುಗ ಖುಷಿಯಿಂದಲೇ ಕೂಗಿದ: “ಕಾಕಾ, ನಮ್ಮ ಶುಭಾಂಗಿ ಅಕ್ಕ ಬಂದಾಳ ನೋಡ್ರಿ, ಫೋನಿನ್ಯಾಗ!”

ನಾನೂ ನನ್ನ ಫೋನು ತೆಗೆದೆ. ಮಗಳ ನಿಶ್ಚಿತಾರ್ಥಕ್ಕೆ ಬೀಗರಿಗೆ ಕೊಡಲೆಂದು ಅವಳ ಕಂಪನಿಯ ಅಂಗಡಿಯಲ್ಲೇ ಚಾದರ ಕೊಂಡು, ಕೇಳಿದರೆಂದು ನಂಬರು ಬರೆಸಿ ಬಂದಿದ್ದೆ. ‘ನಮಸ್ಕಾರ ಅಣ್ಣಾರಾಯ! ಈ ಚಳಿಯಲ್ಲಿ ನಿಮ್ಮ ಬೆಚ್ಚನೆಯ ಸಂಗಾತಿ ಬಂದಿದೆ’ ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ಚಾದರ ಹೊದ್ದು ನಗುತ್ತಿರುವ ನನ್ನ ಮಗಳು. ಅವಳ ಕೆಳಗೆ ಆ ಮೂರು ಬಟನ್.

ನನ್ನ ಬೆನ್ನ ಹಿಂದೆ ಯಾರೋ ಅಂದರು: “‘ಇನ್ನಷ್ಟು ತೋರಿಸಿ’ ಒತ್ತೀನಿ ನೋಡ್ಲೇ. ಬರೇ ಚಾದರಾನ ತೋರಸ್ತದಲ್ಲೋ ಮಗನ!”

ನಗು ಎದ್ದಿತು. ನಾನು ತಿರುಗಿ ನೋಡಲಿಲ್ಲ. ತಿರುಗಿ ನೋಡಿದ್ದರೆ ಅದು ಯಾರೆಂದು ತಿಳಿಯುತ್ತಿತ್ತು. ತಿಳಿದ ಮೇಲೆ ಅದೇ ಊರಿನಲ್ಲಿ ಬಾಳಬೇಕಲ್ಲ? ಬಸ್ಸು ಬಂತು, ಹತ್ತಿದೆ. ಅಕ್ಕಲಕೋಟದಲ್ಲಿ ಇಳಿದು ಕೆಲಸ ಬಿಟ್ಟು ಸೊಲ್ಲಾಪುರದ ಬಸ್ಸು ಹಿಡಿದೆ. ಸಂಜೆ ಕೆಲಸದಿಂದ ತಂಗಿಯ ಮನೆಗೆ ಬಂದ, ಅಷ್ಟರಲ್ಲಿ ಆ ಮೆಸೇಜು ನೋಡಿದ್ದ ಮಗಳು ನನ್ನನ್ನು ಕಂಡ ಕೂಡಲೇ ಚಪ್ಪಲಿ ಸಹ ಬಿಡದೆ ಕೇಳಿದಳು:

“ಅಪ್ಪಾ, ನಾ ಏನ್ ತಪ್ಪ ಮಾಡೀನಿ ಹೇಳು. ಗ್ವಾಡಿಗೆ ಹಚ್ಚಾಕ ಅಂದ್ರು, ಹೊದ್ದು ನಿಂತೆ.”

“ತಪ್ಪ ನಿಂದಲ್ಲವ್ವಾ.”

“ಮತ್ತ ನಿನ್ನ ಮಾರಿ ಯಾಕ ಹಂಗ ಆಗೇದ?”

“ಚಪ್ಪಲ್ ಬಿಟ್ಟು ಒಳಗ ಬಾ,” ಎಂದೆ.

ಮರುದಿನ ಇಬ್ಬರೂ ಚಿಂಚೋಳಿಗೆ ಹೋದೆವು. ಪೂನಮ ಮೇಡಂ ಕುರ್ಚಿ ಕೊಟ್ಟು ಚಹಾ ತರಿಸಿದರು. ಮರಾಠಿಯಲ್ಲಿ ಬಹಳ ಪ್ರೀತಿಯಿಂದ, “ಕಾಕಾ, ಇಷ್ಟು ಜನ ಈ ಮೊದಲು ಯಾವ ಚಿತ್ರಕ್ಕೂ ಒತ್ತಿರಲಿಲ್ಲ. ನಿಮ್ಮ ಮಗಳು ನಮಗೆ ಲಕ್ಷ್ಮಿಯಂತೆ ಬಂದಳು” ಎಂದರು. ಚಿತ್ರ ತೆಗೆಯಿರಿ ಎಂದೆ. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಶುಭಾಂಗಿ ಕೆಲಸಕ್ಕೆ ಸೇರಿದ ದಿನ ಅವಳ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಉದ್ದ ಮೆಸೇಜು ಬಂದಿತ್ತು. ಕಂಪನಿ ತೆಗೆದ ಚಿತ್ರಗಳನ್ನು ಕಂಪನಿ ಹೇಗೆ ಬೇಕಾದರೂ ಬಳಸಬಹುದು ಎಂಬ ಸಾಲು ಅದರ ನಡುವೆ ಎಲ್ಲೋ ಇತ್ತು. ಕೊನೆಗೆ ‘ಒಪ್ಪಿದೆ’ ಎಂಬ ಬಟನ್. ಅವಳು ಒತ್ತಿದ್ದಳು.

“ಅದ ಒತ್ತಲಿಲ್ಲಂದ್ರ ಗೇಟ್ ಪಾಸ ಬರ್ತಿದ್ದಿಲ್ಲ,” ಎಂದು ಶುಭಾಂಗಿ ನನಗೆ ಹೇಳಿ, ಅದನ್ನೇ ಮರಾಠಿಯಲ್ಲಿ ಅವರಿಗೂ ಹೇಳಿದಳು.

ಪೂನಮ ಮೇಡಂ ತಲೆ ತಗ್ಗಿಸಿದರು. “ನಾನೂ ಸಂಬಳದವಳೇ, ಕಾಕಾ” ಎಂದಷ್ಟೇ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಧಿಕಾರಿಗಳೇ, ಗೇಟಿನ ಹೊರಗೆ ನಿಂತ ಹುಡುಗಿ ಒಳಗೆ ಹೋಗಲೆಂದು ಒತ್ತಿದ್ದಕ್ಕೆ ಒಪ್ಪಿಗೆ ಎಂದು ಹೆಸರಿಟ್ಟವರು ಯಾರು? ಎರಡನೇ ಬಟನ್ ಇಲ್ಲದ ಕಡೆ ಮೊದಲನೆಯದನ್ನು ಒತ್ತಿದರೆ ಅದು ಒಪ್ಪುವುದೋ, ಬಗ್ಗುವುದೋ?

ಶುಭಾಂಗಿ ಅಂದೇ ಕೆಲಸ ಬಿಟ್ಟಳು. ನಾನು ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ನಿಮ್ಮ ಸಿಬ್ಬಂದಿಯ ವಿನಯವನ್ನು ಮೆಚ್ಚಲೇಬೇಕು. ಆ ಹೆಣ್ಣುಮಗಳು ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಸರ್, ನಿಮಗೆ ಆ ಮೆಸೇಜು ಬೇಡವಾದರೆ ‘ಬೇಡ’ ಒತ್ತಿ, ನಿಂತುಹೋಗುತ್ತದೆ” ಎಂದಳು.

“ಉಳಿದವರ ಫೋನಿನಲ್ಲಿ?”

“ಅವರಿಗೆ ಬೇಡವಾದರೆ ಅವರು ಒತ್ತುತ್ತಾರೆ, ಸರ್.”

ಫೋನು ಕೈಯಲ್ಲಿ ಹಿಡಿದು ಕೂತೆ. ಮಗಳು ನಗುತ್ತಿದ್ದಳು. ಅವಳ ಗಲ್ಲದ ಕೆಳಗೆ ‘ಬೇಡ’ ಎಂದಿತ್ತು. ಹೆಣ್ಣು ಹುಟ್ಟಿತೆಂದು ಮುಖ ಗಂಟು ಹಾಕಿಕೊಂಡ ಬಂಧುಗಳ ಕೈಗೆ ಪೇಢೆ ಕೊಟ್ಟವನು ನಾನು. ನನ್ನಿಂದ ಆ ಬಟನ್ ಒತ್ತಲು ಆಗಲಿಲ್ಲ. ಇದು ಬರೀ ಚಾದರದ ಜಾಹೀರಾತು, ಭಾವುಕನಾಗಬೇಡ ಎಂದು ತಾವು ಹೇಳಬಹುದು. ಬರೀ ಚಾದರವೇ ಆಗಿದ್ದರೆ ಬರೀ ಚಾದರದ ಚಿತ್ರ ಹಾಕಬಹುದಿತ್ತಲ್ಲ?

ನನ್ನ ಹೆಂಡತಿ ನೀಲಾಬಾಯಿ ನನಗಿಂತ ಗಟ್ಟಿ. ಸೆರಗು ಸಿಕ್ಕಿಸಿ ಹೊರಟು, ಪರಿಚಯದ ಮನೆಗಳಿಗೆಲ್ಲ ಹೋಗಿ, “ನಮ್ಮ ಹುಡುಗಿ ಚಿತ್ರ ಬಂದದಲ್ಲ, ಅದಕ್ಕ ಬ್ಯಾಡ ಅಂತ ಒತ್ತಿಬಿಡ್ರೆವ್ವಾ” ಎಂದು ಕೇಳಿಕೊಂಡು ಬಂದಳು. ಕೆಲವರು ಒತ್ತಿದರು. ಕೆಲವರು ಚಾದರದ ರಿಯಾಯಿತಿಯ ಅವಧಿ ಮುಗಿಯಲಿ, ಆಮೇಲೆ ಒತ್ತುತ್ತೇವೆ ಎಂದರು. ಮೆಸೇಜು ಬಂದದ್ದೇ ಗೊತ್ತಿರದ ಮನೆಗಳಲ್ಲಿ ಇವಳು ಕೇಳಿದ ಮೇಲೆ ಫೋನು ಹುಡುಕಿ ಎಲ್ಲರೂ ನೋಡಿದರು. ಮನೆಗೆ ಬಂದವಳು ಹೊಸ್ತಿಲಲ್ಲೇ ಕೂತಳು.

“ನನ್ನ ಮಗಳನ್ನ ಬ್ಯಾಡ ಅನ್ರಿ, ಬ್ಯಾಡ ಅನ್ರಿ ಅಂತ ಓಣಿ ಓಣಿ ಬೇಡ್ಕೊಂಡು ಬಂದೆನಲ್ಲರಿ,” ಎಂದಳು. ಲಗ್ನವಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಅದಾದ ಮೇಲೆ ಮಂದ್ರೂಪದಿಂದ ರತ್ನಾಬಾಯಿ ಬಂದರು. ಅವರ ಮಗ ಧನರಾಜನಿಗೇ ಶುಭಾಂಗಿಯನ್ನು ಕೊಡುವುದೆಂದು ಮಾತಾಗಿ, ಸಕ್ಕರೆ ಹಂಚಿ ನಿಶ್ಚಿತಾರ್ಥವೂ ಆಗಿತ್ತು. ಕೊಟ್ಟ ಚಹಾ ಕುಡಿಯಲಿಲ್ಲ. “ಅಣ್ಣಾರ, ತಪ್ಪ ತಿಳ್ಕೋಬ್ಯಾಡ್ರಿ. ಹುಡುಗಿ ಬಂಗಾರದಂಥಾಕಿ. ಆದ್ರ ಧನರಾಜಗ ಹೋದಲ್ಲಿ ಬಂದಲ್ಲಿ ಮಂದಿ, ‘ನೀ ಲಗ್ನ ಆಗಾಕಿ ನಮ್ಮ ಫೋನಿಗೂ ಬರ್ತಾಳ’ ಅಂತಾರ. ಅವಂಗ ಮಾರಿ ಎತ್ತಿ ತಿರುಗಾಕ ಆಗವಲ್ದು” ಎಂದರು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶುಭಾಂಗಿ ಕೇಳಿದಳು: “ಅತ್ತಿ, ಹಂಚಿದ್ದು ನನ್ನ ಮಾರಿ. ಅವರ ಮಾರಿಗೇನಾಗೇದ?”

ರತ್ನಾಬಾಯಿ ನನ್ನ ಹೆಂಡತಿಯ ಕೈ ಹಿಡಿದು, ಬಿಟ್ಟು, ಹೊರಟುಹೋದರು. ದಿನವೂ ಫೋನು ಮಾಡುತ್ತಿದ್ದ ಧನರಾಜ ಮತ್ತೆ ಮಾಡಲಿಲ್ಲ. ಸಂಬಂಧ ಮುರಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗೆಯೇ ತಣ್ಣಗಾಯಿತು.

ಆಗ, ಜಾಲತಾಣದಲ್ಲಿ ದಾಖಲಿಸಿದ್ದ ದೂರಿಗೆ ನಿಮ್ಮ ಕಚೇರಿಯಿಂದ ಉತ್ತರ ಬಂತು. ‘ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆ ಹೇಗಿತ್ತು?’ ಕೆಳಗೆ ಒತ್ತಲು ‘ಚೆನ್ನಾಗಿದೆ’ ಮತ್ತು ‘ತುಂಬಾ ಚೆನ್ನಾಗಿದೆ’. ಪರಿಹಾರ ಏನೆಂದು ತಿಳಿಯಲು ಹೆಚ್ಚು ಕಾಯಬೇಕಾಗಲಿಲ್ಲ. ಕಂಪನಿ ಹೊಸ ಮೆಸೇಜು ಕಳಿಸಿತು. ಅದೇ ಚಾದರ, ಅದೇ ನಿಲುವು. ಆದರೆ ಹುಡುಗಿಯ ಬಣ್ಣ ಬೆಳ್ಳಗಾಗಿದೆ, ಮೂಗು ನೆಟ್ಟಗಾಗಿದೆ, ಕಣ್ಣು ದೊಡ್ಡದಾಗಿದೆ. ನಗು ಮಾತ್ರ ಇದ್ದಂತೆಯೇ ಇದೆ. ನೀಲಾಬಾಯಿ ಬಹಳ ಹೊತ್ತು ದಿಟ್ಟಿಸಿ ನೋಡಿದಳು. “ಇದು ನಮ್ಮಾಕಿ ಅಲ್ಲರಿ,” ಎಂದಳು. ಮತ್ತೆ ನೋಡಿ, “ನಮ್ಮಾಕೀನ” ಎಂದಳು.

ಪೂನಮ ಮೇಡಂಗೆ ಫೋನು ಮಾಡಿದೆ. “ಕಾಕಾ, ಈಗ ನಿಮಗೆ ತಕರಾರು ಇರಬಾರದು. ಇದು ಯಾರೂ ಅಲ್ಲ, ಕಂಪ್ಯೂಟರ್ ಮಾಡಿದ್ದು” ಎಂದರು. ನಿಮ್ಮ ಸಹಾಯವಾಣಿಯವರೂ ಹಾಗೇ ಹೇಳಿದರು: ಚಿತ್ರದಲ್ಲಿರುವುದು ಯಾವ ವ್ಯಕ್ತಿಯೂ ಅಲ್ಲವಾದ್ದರಿಂದ ದೂರು ಕೊಡಲು ಯಾರಿಗೂ ಅವಕಾಶವಿಲ್ಲ. ನಿಮ್ಮ ಇಲಾಖೆಯ ಜಾಣತನಕ್ಕೆ ಕೈಮುಗಿದೆ! ಮೊದಲ ಸಲ ಅವಳ ಮುಖವನ್ನು ಕೇಳದೆ ತೆಗೆದುಕೊಂಡರು. ಎರಡನೇ ಸಲ ಅದು ಅವಳದೇ ಅಲ್ಲ ಎಂದು ತೀರ್ಮಾನವಾಯಿತು. ನಮ್ಮ ಊರಿಗೆ ಮಾತ್ರ ಈ ಸೂಕ್ಷ್ಮ ಇನ್ನೂ ತಲುಪಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಈಗ, “ಶುಭಾಂಗಿ ಬೆಳ್ಳಗ ಆಗ್ಯಾಳಲ್ಲ!” ಎನ್ನುತ್ತಾರೆ.

ಮೊನ್ನೆ ಅವಳು ಸೊಲ್ಲಾಪುರದ ದೊಡ್ಡ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಗೆ ಕೆಲಸ ಕೇಳಲು ಹೋಗಿದ್ದಳು. ಶೇಟರು ಅವಳ ಅಂಕಪಟ್ಟಿಯನ್ನು ಬಿಡಿಸಿಯೂ ನೋಡದೆ, “ತೂ ಚಾದರವಾಲೀ ನಾ?” ಚಾದರದ ಹುಡುಗಿ ನೀನೇ ಅಲ್ಲವೇ, ಎಂದು ನಕ್ಕರಂತೆ. ಕೆಲಸ ಖಂಡಿತ ಕೊಡುತ್ತೇವೆ, ನಮ್ಮ ಸೀರೆಗಳಿಗೂ ಒಮ್ಮೆ ನಿಲ್ಲಬೇಕು ಎಂದರಂತೆ. ಎದ್ದು ಬಂದಳು. ಈಗ ಮನೆಯಲ್ಲೇ ಇದ್ದಾಳೆ. ಟೀವಿಯಲ್ಲಿ ನಗೆಯ ಕಾರ್ಯಕ್ರಮ ನೋಡುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನಾವು ನೋಡದವರಂತೆ ಕೂರುತ್ತೇವೆ.

ನನ್ನ ಬೇಡಿಕೆ ಇಷ್ಟೇ. ಆ ಚಿತ್ರ ಹೋದ ಪ್ರತಿಯೊಂದು ಫೋನಿಗೂ ಕಂಪನಿ ಇನ್ನೊಂದು ಮೆಸೇಜು ಕಳಿಸಲಿ: ‘ಈ ಹುಡುಗಿಯನ್ನು ಕೇಳದೆ ಅವಳ ಚಿತ್ರ ಬಳಸಿದೆವು. ಹೊಸ ಚಿತ್ರವನ್ನೂ ಅವಳ ಮುಖದಿಂದಲೇ ಮಾಡಿದೆವು. ತಪ್ಪು ನಮ್ಮದು.’ ಬರೀ ಅಕ್ಷರ ಸಾಕು. ಬಣ್ಣ, ಚಿತ್ರ, ಬಟನ್ ಒಂದೂ ಬೇಡ. ಮತ್ತು ಇನ್ನು ಮುಂದೆ ಯಾವುದೇ ಮನುಷ್ಯರ ಮುಖವನ್ನು ಕಳಿಸುವ ಮೊದಲು ಆ ಮನುಷ್ಯರನ್ನೇ ಕರೆದು, ಎದುರು ಕೂರಿಸಿ, ಅವರಿಗೆ ತಿಳಿಯುವ ಮಾತಿನಲ್ಲಿ ಕೇಳುವ ನಿಯಮ ಮಾಡಿ. ಇದು ಆಗುವುದಿಲ್ಲವೆಂದು ನನಗೆ ಗೊತ್ತು. ಈ ಪತ್ರ ನಿಮ್ಮ ಮೇಜಿಗೆ ಬಂದರೂ ಇದನ್ನು ಓದಬಲ್ಲವರು ಅಲ್ಲಿ ಇದ್ದಾರೋ ಇಲ್ಲವೋ. ಆದರೂ ಒಂದು ಕಡೆ ಬರೆದಿಡಬೇಕು ಅನ್ನಿಸಿತು.

ಶುಭಾಂಗಿ ಮರಾಠಿ ಶಾಲೆಯಲ್ಲಿ ಓದಿದವಳು, ಕನ್ನಡ ಆಡುತ್ತಾಳೆ, ಓದಲು ಬಾರದು. ಪತ್ರಿಕೆಗೆ ಕೊಡುವ ಮೊದಲು ಅವಳನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ನಿನ್ನ ಹೆಸರು ತೆಗೆದುಬಿಡಲೇನವ್ವಾ ಎಂದು ಕೇಳಿದೆ.

“ಇರ್ಲಿ ಬಿಡಪ್ಪಾ,” ಎಂದಳು. “ಮಾರಿ ಅವರಾಗೇ ತಗೊಂಡ್ರು. ಹೆಸರಾದ್ರೂ ನಾನಾಗೇ ಕೊಡ್ತೀನಿ.”

ಇಂತಿ,
ಉತ್ತರ ಬಾರದೆಂದು ತಿಳಿದೂ ಬರೆದ,
ಶುಭಾಂಗಿಯ ತಂದೆ
ಅಣ್ಣಾರಾಯ, ಕರಜಗಿ